ಸೊಂಟ ಹಿಡಿದವರಿಗೆ ‘ಟಕ್’ ವೈದ್ಯ: ವಾಸಿ ಎಷ್ಟು, ಅಪಾಯ ಎಷ್ಟು?

ಲಕ್ಕೂರು: ಮಾಲೂರು ತಾಲ್ಲೂಕಿನ ಈ ಹೋಬಳಿಯಲ್ಲಿ ಸೊಂಟ ನೋವಿಲ್ಲದ ಮನೆ ಹುಡುಕುವುದೂ ಒಂದೇ, ಸಾವಿಲ್ಲದ ಮನೆಯ ಸಾಸಿವೆ ತರುವುದೂ ಒಂದೇ. ಇಟ್ಟಿಗೆ ಹೊರುವವರಿಗೆ ಸೊಂಟ, ಟೊಮ್ಯಾಟೊ ಬಾಕ್ಸ್ ಎತ್ತುವವರಿಗೆ ಸೊಂಟ, ದಿನವಿಡೀ ಬಗ್ಗಿ ಕಳೆ ಕೀಳುವ ಹೆಂಗಸರಿಗೆ ಸೊಂಟ. ಹೊತ್ತು ಹುಟ್ಟುವ ಮುಂಚೆ ಎದ್ದು ಹೊಸೂರು, ಸರ್ಜಾಪುರ, ನರಸಾಪುರದ ಫ್ಯಾಕ್ಟರಿಗಳಿಗೆ ಬೈಕ್ ಓಡಿಸುವ ಹುಡುಗರಿಗೂ ಈಗ ಅದೇ ರೋಗ.

‘ಏನಾಯ್ತಣ್ಣಾ?’ ಎಂದು ಕೇಳಿದರೆ ಬರುವ ಉತ್ತರವೂ ಒಂದೇ: ‘ಸೊಂಟ ಇಡ್ಕಂಡೈತೆ ಕಣಣ್ಣ, ನರದ ಮ್ಯಾಲೆ ನರ ಕುಂತೈತೆ.’

ಲೆಕ್ಕ ಹಾಕಿ ನೋಡಿ. ಒಂದು ಇಟ್ಟಿಗೆ ಸುಮಾರು 3 ಕೆ.ಜಿ. ತಲೆ ಮೇಲೆ ಹತ್ತು ಹೊತ್ತರೆ 30 ಕೆ.ಜಿ. ಹೀಗೆ ಲಾರಿ ತುಂಬುವವರೆಗೂ ಹತ್ತಿ ಇಳಿದು ಹತ್ತಿ ಇಳಿದು. ಕೋಲಾರ ಮಾರುಕಟ್ಟೆಗೆ ಹೋಗುವ ಟೊಮ್ಯಾಟೊ ಬಾಕ್ಸ್ 15 ಕೆ.ಜಿ.ಯದ್ದು. ಸಿಮೆಂಟ್ ಮೂಟೆ 50 ಕೆ.ಜಿ. ಹಾಲಿನ ಕ್ಯಾನು, ರೇಷ್ಮೆ ಹುಳಕ್ಕೆ ಕಡಿದು ತರುವ ಸೊಪ್ಪಿನ ಹೊರೆ, ನೀರಿನ ಬಿಂದಿಗೆ ಇವೆಲ್ಲಾ ಬೇರೆ. ಬೆನ್ನುಮೂಳೆ ಕಬ್ಬಿಣದ್ದಾಗಿದ್ದರೂ ಸವೆಯುತ್ತಿತ್ತು! ಕೂಲಿಯವನಿಗೆ ಬೆನ್ನೇ ಬಂಡವಾಳ. ಅದು ಹಿಡಿದ ದಿನ ಸಂಬಳವಿಲ್ಲ. ಆದ್ದರಿಂದಲೇ ‘ನಾಳೆ ಬೆಳಗ್ಗೆ ಎದ್ದು ನಿಲ್ಲಬೇಕು, ಏನಾದರೂ ಮಾಡಿ’ ಎಂಬ ಅವಸರ. ಈ ಅವಸರದ ಸುತ್ತ ಬಗೆಬಗೆಯ ವೈದ್ಯ ಬೆಳೆದಿದೆ.

ಎದುರುಗಾಲಿನಿಂದ ಮೊಬೈಲ್ ತನಕ

ಮೊದಲ ದಿನ ಹರಳೆಣ್ಣೆ, ಬಿಸಿನೀರು. ಎರಡನೇ ದಿನ ಮೆಡಿಕಲ್ ಶಾಪಿನ ಮಾತ್ರೆ. ಮೂರನೇ ದಿನಕ್ಕೆ ಉಳುಕು ತೆಗೆಯುವವರ ಹುಡುಕಾಟ. ಎದುರುಗಾಲಲ್ಲಿ ಹುಟ್ಟಿದವರು, ಅಂದರೆ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರು, ಕಾಲಿನಿಂದ ಸೊಂಟ ಸವರಿದರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಹಳ್ಳಿಗಳಲ್ಲಿ ಇವತ್ತಿಗೂ ಹೋಗಿಲ್ಲ. ಅಂಥವರಿಗೆ ಎಲ್ಲಿಲ್ಲದ ಮರ್ಯಾದೆ. ಆದರೆ ಕಾಲು ಮುಂದಾದ ಕೂಸನ್ನು ಸಿಸೇರಿಯನ್ ಮಾಡಿ ತೆಗೆಯುವ ಈ ಕಾಲದಲ್ಲಿ ಎದುರುಗಾಲಿನವರು ಸಿಗುವುದೂ ಕಷ್ಟವಾಗುತ್ತಿದೆ, ಅದು ಬೇರೆ ಮಾತು.

ಮೂಳೆ ಮುರಿದರಂತೂ ‘ಪುತ್ತೂರು ಕಟ್ಟು’ ಎಂಬ ಬೋರ್ಡು ಸಿದ್ಧವಾಗಿಯೇ ಇದೆ. ಇದು ದಕ್ಷಿಣ ಕನ್ನಡದ ಪುತ್ತೂರಲ್ಲ. ಗಡಿಯಾಚೆ ಆಂಧ್ರದಲ್ಲಿ ತಿರುಪತಿ ಕಡೆಯ ಪುತ್ತೂರು. ಅದರ ಪಕ್ಕದ ರಾಚಪಾಳೆಂನ ರಾಜು ಮನೆತನದವರ ಕಟ್ಟು. ಎಲೆ ರಸ, ಮೊಟ್ಟೆಯ ಬಿಳಿ, ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಾರೆ. ಕೋಲಾರ ಜಿಲ್ಲೆಯಿಂದ ಅಲ್ಲಿಗೆ ಹೋಗಿ ಬಂದವರು ಊರೂರಲ್ಲೂ ಸಿಗುತ್ತಾರೆ. ಮೂಲದ ಮನೆತನಕ್ಕೆ ಸಂಬಂಧವೇ ಇಲ್ಲದವರೂ ಆ ಹೆಸರಿನ ಬೋರ್ಡು ತಗುಲಿಸುವುದು ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ಕಾಣುವ ನೋಟ.

ಇವೆಲ್ಲಾ ಹಳೇ ದಾರಿಗಳು. ಹೊಸ ದಾರಿ ಮೊಬೈಲಿನಲ್ಲಿ ಬಂದಿದೆ. ಬಿಳಿ ಕೋಟು ತೊಟ್ಟವರೊಬ್ಬರು ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಕತ್ತು ಹಿಡಿದು ಒಂದು ತಿರುವು ತಿರುಗಿಸುತ್ತಾರೆ. ಟಕಟಕ ಶಬ್ದ! ರೋಗಿ ನಗುತ್ತಾ ಎದ್ದು ಕೂರುತ್ತಾನೆ. ಶಬ್ದ ಚೆನ್ನಾಗಿ ಕೇಳಲೆಂದು ಬೆನ್ನಿನ ಹತ್ತಿರ ಮೈಕ್ ಇಡುವವರೂ ಉಂಟು. ಇದಕ್ಕೆ ‘ಕೈರೋಪ್ರಾಕ್ಟಿಕ್’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಕೈಯಿಂದ ಮಾಡುವುದು’ ಎಂಬ ಅರ್ಥವಂತೆ. ನಮ್ಮವರ ನಾಲಿಗೆಗೆ ಹೊರಳದ ಹೆಸರಾದರೂ ‘ಟಕ್ ಅನ್ನಿಸೋರು’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ಇದರ ಕ್ಲಿನಿಕ್ಕುಗಳಿವೆ. ಅಲ್ಲಿಯ ತನಕ ಹೋಗಲು ದುಡ್ಡು, ಪುರುಸೊತ್ತು ಎರಡೂ ಇಲ್ಲದವರು ವಿಡಿಯೋ ನೋಡಿ ಗೆಳೆಯನ ಕೈಲೇ ಬೆನ್ನು ತುಳಿಸಿಕೊಳ್ಳುತ್ತಾರೆ, ಇಲ್ಲವೇ ಸೆಲೂನಿನಲ್ಲಿ ಕತ್ತು ಒಪ್ಪಿಸುತ್ತಾರೆ. ಗಾಬರಿ ಹುಟ್ಟಿಸುವ ಸಂಗತಿ ಇದೇ.

ಕಿವುಡನಿಂದ ಶುರುವಾದ ವಿದ್ಯೆ

ಈ ವಿದ್ಯೆ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್ ಎಂಬ ಊರಿನಲ್ಲಿ, 1895ರ ಸೆಪ್ಟೆಂಬರಿನಲ್ಲಿ. ಡಿ.ಡಿ. ಪಾಮರ್ ಎಂಬಾತ ಅಯಸ್ಕಾಂತ ಚಿಕಿತ್ಸೆಯ ಹೆಸರಿನಲ್ಲಿ ಕೈಯಾಡಿಸಿ ರೋಗ ವಾಸಿ ಮಾಡುತ್ತೇನೆನ್ನುತ್ತಿದ್ದವರು. ಅವರ ಕಟ್ಟಡದಲ್ಲಿ ಕಸ ಗುಡಿಸುವ ಕೆಲಸ ನೋಡಿಕೊಳ್ಳುತ್ತಿದ್ದ ಹಾರ್ವಿ ಲಿಲ್ಲಾರ್ಡ್ ಎಂಬವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬೆನ್ನಿನಲ್ಲಿ ಒಂದು ಗಂಟು ಎದ್ದಂತೆ ಕಂಡಿತು, ಅದನ್ನು ಒತ್ತಿದೆ, ಕಿವಿ ಕೇಳಿತು ಎಂಬುದು ಪಾಮರ್ ಹೇಳಿದ ಕತೆ. ಕಿವಿಯ ನರ ಮೆದುಳಿನಿಂದ ನೇರವಾಗಿ ಕಿವಿಗೆ ಹೋಗುತ್ತದೆಯೇ ಹೊರತು ಬೆನ್ನುಮೂಳೆ ಹಾದು ಹೋಗುವುದಿಲ್ಲ ಎಂಬುದು ಇವತ್ತು ಹೈಸ್ಕೂಲು ಪುಸ್ತಕ ಓದಿದವರಿಗೂ ಗೊತ್ತು. ಆದರೂ ಕತೆ ನಿಂತಿತು, ವಿದ್ಯೆ ಬೆಳೆಯಿತು.

ಪಾಮರ್ ಸಿದ್ಧಾಂತ ಸರಳವಾಗಿತ್ತು. ಬೆನ್ನಿನ ಮೂಳೆಗಳು ಚೂರು ಜರುಗಿದರೆ ನರ ಅದುಮಿಕೊಳ್ಳುತ್ತದೆ. ನೂರಕ್ಕೆ 95 ರೋಗಗಳಿಗೆ ಅದೇ ಕಾರಣ. ಮೂಳೆಯನ್ನು ಕೈಯಿಂದ ಜಾಗಕ್ಕೆ ಕೂರಿಸಿದರೆ ದೇಹ ತಾನೇ ವಾಸಿ ಮಾಡಿಕೊಳ್ಳುತ್ತದೆ. ಜರುಗಿದ ಈ ಸ್ಥಿತಿಗೆ ಅವರು ‘ಸಬ್‌ಲಕ್ಸೇಷನ್’ ಎಂದು ಹೆಸರಿಟ್ಟರು. ನಮ್ಮವರ ‘ನರದ ಮೇಲೆ ನರ ಕೂತಿದೆ’ ಎಂಬ ಮಾತಿಗೂ ಇದಕ್ಕೂ ಅಂಥ ದೂರವೇನಿಲ್ಲ! ವಿದ್ಯೆ ಕಲಿಸಲು 1897ರಲ್ಲಿ ಶಾಲೆ ತೆರೆದರು. ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದರೆಂದು 1906ರಲ್ಲಿ ಜೈಲಿಗೂ ಹೋಗಿ ಬಂದರು.

ಮುಂದೆ ಅಮೆರಿಕದಲ್ಲಿ ಡಾಕ್ಟರುಗಳಿಗೂ ಇವರಿಗೂ ಎಣ್ಣೆ-ಸೀಗೇಕಾಯಿ. ಡಾಕ್ಟರುಗಳ ಸಂಘ ಇವರನ್ನು ಮುಗಿಸಲೆಂದೇ ಸಮಿತಿ ಮಾಡಿತ್ತು. ಇವರು 1976ರಲ್ಲಿ ಕೋರ್ಟಿಗೆ ಹೋದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಸೆನ್‌ಡ್ಯಾನರ್ ಡಾಕ್ಟರುಗಳ ಸಂಘದ ವಿರುದ್ಧ ತೀರ್ಪು ಕೊಟ್ಟರು. ವ್ಯವಹಾರದಲ್ಲಿ ಅನ್ಯಾಯದ ಕೂಟ ಕಟ್ಟಿದ್ದು ತಪ್ಪೆಂದು ಹೇಳಿದ ತೀರ್ಪು ಅದು. ಪಾಮರ್ ಸಿದ್ಧಾಂತ ನಿಜವೆಂದು ಯಾವ ಕೋರ್ಟೂ ಹೇಳಿಲ್ಲ. ಇಂದು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದಕ್ಕೆ ಲೈಸೆನ್ಸ್ ಇದೆ. ಓದಿ ಪಾಸಾದ ಕೈರೋಪ್ರಾಕ್ಟರುಗಳಲ್ಲಿ ಎಷ್ಟೋ ಮಂದಿ ಹಳೆಯ 95ರ ಲೆಕ್ಕ ಬಿಟ್ಟು, ಬೆನ್ನು ಮತ್ತು ಕೀಲು ನೋವಿಗಷ್ಟೇ ಕೈ ಹಾಕುತ್ತಾರೆ.

ಆ ಶಬ್ದ ಏನದು?

ಬೆರಳು ನೆಟಿಕೆ ಮುರಿದರೂ ಟಕ್ ಎನ್ನುತ್ತದೆ. ಬೆನ್ನಿನದೂ ಅದೇ ಶಬ್ದ. ಕೀಲಿನೊಳಗೆ ಜಾರೆಣ್ಣೆಯಂಥ ದ್ರವವಿರುತ್ತದೆ. ಎರಡು ಮೂಳೆ ಫಕ್ಕನೆ ದೂರ ಸರಿದಾಗ ಒಳಗಿನ ಒತ್ತಡ ಇಳಿದು ದ್ರವದೊಳಗೆ ಗಾಳಿಗುಳ್ಳೆ ಏಳುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳನ್ನು ಎಂ.ಆರ್.ಐ. ಯಂತ್ರದೊಳಗಿಟ್ಟು ಎಳೆದು, ಶಬ್ದ ಬರುವ ಗಳಿಗೆಯಲ್ಲೇ ಈ ಪೊಳ್ಳು ಏಳುವುದನ್ನು ಚಿತ್ರ ಹಿಡಿದರು. ಒಂದು ಸಲ ಟಕ್ ಎಂದ ಕೀಲು ಮತ್ತೆ ಟಕ್ ಎನ್ನಲು ಸುಮಾರು 20 ನಿಮಿಷ ಬೇಕು.

ಅಂದರೆ ಮೂಳೆ ‘ಜಾಗಕ್ಕೆ ಕೂತಿತು’ ಎಂಬುದಕ್ಕೆ ಆ ಶಬ್ದ ಸಾಕ್ಷಿಯಲ್ಲ. ಶಬ್ದ ಬಂದರೂ ನೋವು ಹೋಗದಿರಬಹುದು, ಬಾರದೆಯೂ ಹೋಗಬಹುದು. ‘ಡಿಸ್ಕ್ ಜಾರಿದೆ, ಒಳಗೆ ತಳ್ಳಿದೆ’ ಎಂಬ ಮಾತೂ ಹಾಗೆಯೇ. ಡಿಸ್ಕ್ ಎಂಬುದು ಬೀದಿಯಲ್ಲಿ ಜಾರಿದ ಚಪ್ಪಲಿಯಲ್ಲ, ತಳ್ಳಿ ಸರಿಪಡಿಸಲು. ಅದು ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಅಂಟಿಕೊಂಡೇ ಇರುತ್ತದೆ. ಕೆಲವೊಮ್ಮೆ ಉಬ್ಬುತ್ತದೆ, ಇಲ್ಲವೇ ಹರಿದು ಒಳಗಿನ ತಿರುಳು ಹೊರಬಂದು ನರಕ್ಕೆ ತಾಗುತ್ತದೆ. ಎಷ್ಟೋ ಜನರಲ್ಲಿ ಆ ತಿರುಳು ವಾರ-ತಿಂಗಳುಗಳಲ್ಲಿ ತಾನೇ ಕುಗ್ಗುತ್ತದೆ.

ಹಾಗಾದರೆ ಉಪಯೋಗವೇ ಇಲ್ಲವೆ?

ಇದೆ. ಇಲ್ಲವೆಂದರೆ ಸುಳ್ಳಾಗುತ್ತದೆ. ಸೊಂಟ ನೋವಿಗೆ ತಿಳಿದವರ ಕೈಯ ಒತ್ತು-ತಿರುವಿನಿಂದ ಸ್ವಲ್ಪ ಗುಣವಿದೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. 2017ರಲ್ಲಿ ಅಮೆರಿಕದ ವೈದ್ಯರ ಪತ್ರಿಕೆಯೊಂದರಲ್ಲಿ ಬಂದ ಪರಿಶೀಲನೆಯ ಪ್ರಕಾರ, ಹೊಸದಾಗಿ ಹಿಡಿದ ಸೊಂಟ ನೋವು 6 ವಾರದೊಳಗೆ 100 ಅಂಕದ ಅಳತೆಯಲ್ಲಿ ಸುಮಾರು 10 ಅಂಕದಷ್ಟು ಹೆಚ್ಚು ಇಳಿಯುತ್ತದೆ. ಪವಾಡವಲ್ಲ, ಸುಳ್ಳೂ ಅಲ್ಲ. ಅದೇ ವರ್ಷ ಅಮೆರಿಕದ ವೈದ್ಯರ ಕಾಲೇಜು ‘ಮಾತ್ರೆಗೆ ಮುಂಚೆ ಇವನ್ನು ನೋಡಿ’ ಎಂದು ಕೊಟ್ಟ ಸಲಹೆಯಲ್ಲಿ ಶಾಖ, ಮಾಲೀಸು, ವ್ಯಾಯಾಮಗಳ ಜೊತೆ ಇದನ್ನೂ ಸೇರಿಸಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೇ ಸೊಂಟ ನೋವಿಗೆ ಹೇಳಿದ ಮಾರ್ಗಗಳಲ್ಲೂ ಇದಕ್ಕೆ ಜಾಗವಿದೆ. ಬ್ರಿಟನ್ನಿನವರು 2016ರಲ್ಲಿ ಒಂದು ಷರತ್ತು ಹಾಕಿದರು: ವ್ಯಾಯಾಮದ ಜೊತೆಗಾದರೆ ಸರಿ, ಇದೊಂದೇ ಸಾಲದು.

ಆದರೆ ಅಸ್ತಮಾ, ಸಕ್ಕರೆ ಕಾಯಿಲೆ, ಬಿ.ಪಿ., ಮಕ್ಕಳ ಹೊಟ್ಟೆನೋವು ಎಲ್ಲದಕ್ಕೂ ಬೆನ್ನು ಒತ್ತಿದರೆ ಸಾಕು ಎನ್ನುವವರ ಮಾತಿಗೆ ಆಧಾರವಿಲ್ಲ. ಬ್ರಿಟನ್ನಿನ ಲೇಖಕ ಸೈಮನ್ ಸಿಂಗ್ ಇಂಥ ಮಾತುಗಳನ್ನು ಪತ್ರಿಕೆಯಲ್ಲಿ ಟೀಕಿಸಿದ್ದಕ್ಕೆ 2008ರಲ್ಲಿ ಅಲ್ಲಿನ ಕೈರೋಪ್ರಾಕ್ಟರುಗಳ ಸಂಘ ಮಾನನಷ್ಟ ಮೊಕದ್ದಮೆ ಹೂಡಿತು. 2010ರಲ್ಲಿ ತಾನೇ ಹಿಂದೆ ಸರಿಯಿತು.

ಇನ್ನೊಂದು ಗುಟ್ಟು ಇದೆ. ಹೊಸದಾಗಿ ಹಿಡಿದ ಸೊಂಟ ನೋವು ಬಹುಪಾಲು ಜನರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ನೋವು ನೆತ್ತಿಗೇರಿದಾಗಲೇ ಜನ ವೈದ್ಯರನ್ನು ಹುಡುಕುವುದು. ಅಲ್ಲಿಂದ ಮುಂದೆ ನೋವು ಇಳಿಯುವುದೇ ತಾನೆ? ಕೊನೆಗೆ ಯಾರು ಮುಟ್ಟಿದರೋ ಅವರಿಗೆ ಹೆಸರು! ಎದುರುಗಾಲಿನವರು ಸವರಿದರೂ ಅಷ್ಟೇ, ಬಿಳಿ ಕೋಟಿನವರು ಒತ್ತಿದರೂ ಅಷ್ಟೇ, ಸೂಜಿ ಚುಚ್ಚಿದರೂ ಅಷ್ಟೇ. ಅದರ ನಡುವೆ ಹೆಚ್ಚು ದಿನ ಹಾಸಿಗೆ ಹಿಡಿದು ಮಲಗುವುದು ಮಾತ್ರ ತಪ್ಪು ಎಂದು ಈಗಿನ ವೈದ್ಯರು ಹೇಳುತ್ತಾರೆ. ಆದಷ್ಟು ಓಡಾಡಬೇಕು, ಭಾರ ಮಾತ್ರ ಎತ್ತಬಾರದು. ಕೂಲಿಯವನಿಗೆ ಈ ಎರಡನೆಯದೇ ಕಷ್ಟ.

ಕತ್ತು ಬೇರೆ, ಸೊಂಟ ಬೇರೆ

ಸೊಂಟಕ್ಕೆ ಮಾಡಿದ್ದನ್ನೇ ಕತ್ತಿಗೂ ಮಾಡಬಹುದೆಂಬ ಭಾವನೆ ಇದೆ. ಇಲ್ಲೇ ಎಡವಟ್ಟು. ಮೆದುಳಿಗೆ ರಕ್ತ ಒಯ್ಯುವ ನಾಲ್ಕು ದೊಡ್ಡ ನಾಳಗಳು ಕತ್ತಿನಲ್ಲೇ ಹಾದು ಹೋಗುತ್ತವೆ. ಮುಂದೆ ಎರಡು, ಹಿಂದೆ ಎರಡು. ಹಿಂದಿನವು ಕತ್ತಿನ ಮೂಳೆಗಳ ಪಕ್ಕದ ತೂತುಗಳೊಳಗೇ ಪೋಣಿಸಿಕೊಂಡು ಮೇಲೇರುತ್ತವೆ. ಜೋರಾಗಿ ತಿರುಗಿಸಿದರೆ ನಾಳದ ಒಳಪದರ ಹರಿಯಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ.

ಇದು ಹೆದರಿಸಲು ಹೇಳುವ ಮಾತಲ್ಲ. 2024ರಲ್ಲಿ ನಡೆದದ್ದು. ಬೆಂಗಳೂರಿನಲ್ಲಿ ಮನೆಗೆಲಸಕ್ಕಿದ್ದ ಬಳ್ಳಾರಿ ಕಡೆಯ 30 ವರ್ಷದ ಯುವಕನೊಬ್ಬ ಕಟಿಂಗ್‌ಗೆ ಹೋದ. ಜೊತೆಗೆ ಪುಕ್ಕಟೆ ತಲೆ ಮಾಲೀಸು. ಕೊನೆಗೆ ಕತ್ತನ್ನು ಜೋರಾಗಿ ತಿರುಗಿಸಿದರು. ನೋವಾಯಿತು, ಆದರೂ ಮನೆಗೆ ನಡೆದ. ಸ್ವಲ್ಪ ಹೊತ್ತಿಗೆಲ್ಲಾ ಮಾತು ತೊದಲಿತು, ಎಡಗಡೆ ಕೈಕಾಲು ಸೋತವು. ಕತ್ತಿನ ರಕ್ತನಾಳದ ಒಳಪದರ ಹರಿದಿದೆ ಎಂದು ಆಸ್ಪತ್ರೆಯಲ್ಲಿ ಗೊತ್ತಾಯಿತು. ಚೇತರಿಸಿಕೊಳ್ಳಲು ಸುಮಾರು 2 ತಿಂಗಳು ಹಿಡಿಯಿತು. 2017ರಲ್ಲಿ ದೆಹಲಿ ಕಡೆ ಒಬ್ಬರಿಗೆ ಇದೇ ರೀತಿ ಸೆಲೂನಿನಲ್ಲಿ ಕತ್ತು ಮುರಿಸಿಕೊಂಡ ಮೇಲೆ ಉಸಿರಾಟದ ಪೊರೆಗೆ ಹೋಗುವ ನರವೇ ಕೆಟ್ಟು ಉಸಿರಾಡುವುದೇ ಕಷ್ಟವಾಯಿತು. 2022ರಲ್ಲಿ ಹೈದರಾಬಾದಿನಲ್ಲಿ ಮಹಿಳೆಯೊಬ್ಬರಿಗೆ ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಸಿಕೊಳ್ಳಲು ಕತ್ತು ಹಿಂದಕ್ಕೆ ಬಗ್ಗಿಸಿದಾಗ ಲಕ್ವ ತಟ್ಟಿತು. ಅಲ್ಲಿ ಯಾರೂ ತಿರುಗಿಸಿಯೂ ಇರಲಿಲ್ಲ!

ಇಂಥವು ಅಪರೂಪ ನಿಜ. ದಿನಾ ಲಕ್ಷಾಂತರ ಜನ ಮಾಲೀಸು ಮಾಡಿಸಿಕೊಂಡು ಸುಖವಾಗಿ ಮನೆಗೆ ಹೋಗುತ್ತಾರೆ. ಆದರೆ ಯಾರ ನಾಳ ಬಲಹೀನವಾಗಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಸೆಲೂನಿನಲ್ಲಿ ಕತ್ತರಿ ಹಿಡಿದವರನ್ನೇ ಬೈದು ಪ್ರಯೋಜನವಿಲ್ಲ. ಪ್ರೀತಿಗೆ ಮಾಡುತ್ತಾರೆ, ಗಿರಾಕಿಯೇ ಕೇಳಿ ಮಾಡಿಸಿಕೊಳ್ಳುತ್ತಾನೆ. ತಲೆ, ಭುಜ ತಿಕ್ಕುವುದರಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಆ ಕೊನೆಯ ತಿರುವಿನಲ್ಲಿ. ಮಾಡಿಸಿಕೊಂಡ ಮೇಲೆ ಹಿಂದೆಂದೂ ಕಾಣದ ಕತ್ತು ನೋವು, ತಲೆ ಸುತ್ತು, ಕಣ್ಣು ಮಂಜು, ಮಾತು ತೊದಲು, ಮುಖ ಸೊಟ್ಟ, ಕೈಕಾಲು ಸೋಲು ಇವುಗಳಲ್ಲಿ ಒಂದು ಕಂಡರೂ ‘ನಾಳೆ ನೋಡೋಣ’ ಎನ್ನದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಲಕ್ವಕ್ಕೆ ಕೊಡುವ ಸೂಜಿಗೆ ಸಮಯದ ಮಿತಿ ನಾಲ್ಕೂವರೆ ಗಂಟೆ.

ಈ ಜಿಲ್ಲೆಯ ಬೆನ್ನಿಗೆ ಎರಡು ಶತ್ರುಗಳು

ಎಲ್ಲ ಬೆನ್ನುನೋವೂ ಉಳುಕಲ್ಲ. ಅದರಲ್ಲೂ ಕೋಲಾರ ಸೀಮೆಯಲ್ಲಿ ಎರಡು ಸಂಗತಿ ಮರೆಯುವಂತಿಲ್ಲ.

ಒಂದು, ನೀರು. ಇಲ್ಲಿನ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೇ ಕತೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಾಗುವುದು ಕಣ್ಣಿಗೆ ಕಾಣುತ್ತದೆ. ಕಾಣದ್ದು ಒಳಗಿನ ಮೂಳೆ. ಮೂಳೆ ದಪ್ಪವಾಗಿ, ಕೀಲು ಹಿಡಿಯುವ ನಾರುಗಳೇ ಸುಣ್ಣಗಟ್ಟಿ ಬೆನ್ನು ಮರದ ಹಲಗೆಯಂತಾಗುತ್ತದೆ. ಕತ್ತು ಹೊರಳದು, ಸೊಂಟ ಬಗ್ಗದು. ಭಾರತದಲ್ಲಿ ಈ ಮೂಳೆ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗ ಮದ್ರಾಸು ಪ್ರಾಂತ್ಯದಲ್ಲಿದ್ದ ನೆಲ್ಲೂರು ಜಿಲ್ಲೆಯಲ್ಲಿ. ಹೀಗೆ ಸುಣ್ಣಗಟ್ಟಿದ ಬೆನ್ನನ್ನು ಟಕ್ ಅನ್ನಿಸಲು ಹೋದರೆ ಟಕ್ ಎನ್ನುವುದಿಲ್ಲ, ಮುರಿಯಬಹುದು. ಮುಂಗೈಯ ಒಂದು ಎಕ್ಸ್‌ರೇಯಿಂದಲೇ ಈ ರೋಗದ ಸುಳಿವು ಸಿಗುತ್ತದೆ. ಶುದ್ಧ ನೀರಿನ ಘಟಕಗಳು ಊರೂರಿಗೆ ಬಂದಿರುವುದು ಒಳ್ಳೆಯದೇ. ಆದರೆ ಹಿಂದೆ ಕುಡಿದ ನೀರಿನ ಸಾಲ ಮೂಳೆಯಲ್ಲಿ ಉಳಿದಿರುತ್ತದೆ.

ಎರಡು, ಕ್ಷಯ. ಶ್ವಾಸಕೋಶಕ್ಕಷ್ಟೇ ಬರುವ ರೋಗವೆಂದು ಜನ ತಿಳಿದಿದ್ದಾರೆ. ಮೂಳೆಗೆ ಬರುವ ಕ್ಷಯದಲ್ಲಿ ಹೆಚ್ಚಿನದು ಬೆನ್ನುಮೂಳೆಗೇ. ಸಂಜೆ ಜ್ವರ, ಮೈ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದರ ಗುರುತು. ಒಳಗೆ ಮೂಳೆ ಗೆದ್ದಲು ಹಿಡಿದ ತೊಲೆಯಂತಾಗಿರುತ್ತದೆ. ಅದರ ಮೇಲೆ ಕಾಲಿಟ್ಟು ತುಳಿದರೆ ಎರಡೂ ಕಾಲು ಸ್ವಾಧೀನ ತಪ್ಪಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಪರೀಕ್ಷೆಯೂ ಪುಕ್ಕಟೆ, ಮಾತ್ರೆಯೂ ಪುಕ್ಕಟೆ.

ಬೀಳಾಟದಿಂದ ಬಂದ ನೋವು, ವಯಸ್ಸಾದ ಹೆಂಗಸರ ಟೊಳ್ಳು ಮೂಳೆ, ಹಿಂದೆ ಕ್ಯಾನ್ಸರ್ ಆಗಿದ್ದವರ ಬೆನ್ನು ನೋವು ಇವನ್ನೂ ಪರೀಕ್ಷೆ ಇಲ್ಲದೆ ಮುಟ್ಟಬಾರದು. ಒಂದಕ್ಕೆ ಹೋಗುವುದು ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಅದು ತುರ್ತು. ಉಳುಕಿನವರ ಮನೆ ಬಾಗಿಲಲ್ಲಿ ಸರದಿ ಕಾಯುವ ಹೊತ್ತಲ್ಲ.

ತಪ್ಪಾದರೆ ಕೇಳುವವರು ಯಾರು?

ಅಲೋಪಥಿಗೆ ಕೌನ್ಸಿಲ್ ಇದೆ. ಆಯುರ್ವೇದ, ಹೋಮಿಯೋಪಥಿಗಳಿಗೂ ಇದೆ. 2021ರಲ್ಲಿ ಸಂಸತ್ತು ಮಾಡಿದ ಸಹ ಆರೋಗ್ಯ ವೃತ್ತಿಗಳ ಕಾನೂನಿನೊಳಗೆ ಫಿಸಿಯೋಥೆರಪಿಯೂ ಬಂದಿದೆ. ಕೈರೋಪ್ರಾಕ್ಟರುಗಳಿಗೆ ಮಾತ್ರ ನಮ್ಮ ದೇಶದಲ್ಲಿ ಪ್ರತ್ಯೇಕ ಕೌನ್ಸಿಲೂ ಇಲ್ಲ, ಸರ್ಕಾರಿ ರಿಜಿಸ್ಟರೂ ಇಲ್ಲ. ಹೊರದೇಶದಲ್ಲಿ ಓದಿ ಬಂದವರೂ ಅದೇ ಬೋರ್ಡು ಹಾಕುತ್ತಾರೆ, ಶನಿವಾರ-ಭಾನುವಾರದ ಕ್ಯಾಂಪಿನಲ್ಲಿ ಕಲಿತವರೂ ಅದೇ ಬೋರ್ಡು ಹಾಕಬಹುದು. ಈ ವಿದ್ಯೆಗೆ ಕನಿಷ್ಠ 4,200 ಗಂಟೆಗಳ ಪಾಠ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಹೇಳಿದೆ. ಎರಡು ದಿನ ಎಲ್ಲಿ, 4,200 ಗಂಟೆ ಎಲ್ಲಿ? ಪಾರಂಪರಿಕ ವೈದ್ಯರ ವಿಚಾರದಲ್ಲೂ ಅಷ್ಟೇ. ಮಾನ್ಯತೆ ಪಡೆದ ಓದಿಲ್ಲದವರು ವೈದ್ಯವೃತ್ತಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ 2018ರಲ್ಲಿ ಹೇಳಿದೆ. ತೀರ್ಪು ದೆಹಲಿಯಲ್ಲಿದೆ, ಸೊಂಟ ಹಿಡಿದವನು ಲಕ್ಕೂರಿನಲ್ಲಿದ್ದಾನೆ. ನಡುವಿನ ದೂರ ತುಂಬುವವರು ಯಾರು?

ಕೈಯ ಚಿಕಿತ್ಸೆಯೇ ಬೇಕೆಂದವರಿಗೆ ಫಿಸಿಯೋಥೆರಪಿಯವರಿದ್ದಾರೆ. ನಾಲ್ಕು ವರ್ಷಕ್ಕೂ ಮೇಲೆ ಓದಿದವರು. ಒತ್ತುವುದು, ಎಳೆಯುವುದರ ಜೊತೆಗೆ ಬೆನ್ನಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನೂ ಹೇಳಿಕೊಡುತ್ತಾರೆ. ಅದನ್ನು ಮನೆಯಲ್ಲಿ ದಿನಾ ಮಾಡುವವರು ಕಮ್ಮಿ, ‘ಒಂದು ಸೂಜಿ ಹಾಕ್ಬುಡಿ ಸಾ’ ಎನ್ನುವವರೇ ಜಾಸ್ತಿ. ಮೊದಲು ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಬೇಕಾದರೆ ಮಾಲೂರು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಕೋಲಾರದ ಎಸ್.ಎನ್.ಆರ್. ಜಿಲ್ಲಾಸ್ಪತ್ರೆ ಇಲ್ಲವೇ ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆ. ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗಬೇಕೆಂಬುದೇ ಕಷ್ಟ. ಹೋಗುವಾಗ ಹಳೇ ಎಕ್ಸ್‌ರೇ ಇದ್ದರೆ ಅದು, ನುಂಗಿದ ಮಾತ್ರೆಯ ಪಟ್ಟಿ, ಮನೆಗೆ ತರುವ ನೀರು ಕೊಳವೆ ಬಾವಿಯದೋ ಘಟಕದ್ದೋ ಎಂಬ ಮಾಹಿತಿ, ಈ ಮೂರನ್ನು ಒಯ್ದರೆ ವೈದ್ಯರಿಗೆ ಅರ್ಧ ಕೆಲಸ ಹಗುರ.